ಹಳೆಯ ಹೆರಾಲ್ಡ್ ಕಾರಿಗೆ ಹೊಸ ಇಂಧನ ವ್ಯವಸ್ಥೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಎಂಜಿನ್ನಿನ ವಿಷಯವಾಗಿ ಬರೆಯಹೊರಟಿರುವದನ್ನು ಕಂಡು ವಾಚಕರಲ್ಲಿ ಕೆಲವರಿಗೆ ನಗೆ ಬರಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಈ ಉಸಾಬರಿ ಏಕೆಂದು ಗುರುಗಳೂ ಕೇಳಬಹುದು. ನನ್ನ ಉತ್ತರ ಸರಳವಾಗಿದೆ. ನನ್ನ ತಂದೆಯವರು ಹೊನ್ನಾವರದಲ್ಲಿ ಹೆದ್ದಾರಿಯ ಬದಿಗೆ ಮೂವತ್ತು ವರ್ಷಗಳಿಂದ ಗ್ಯಾರೇಜು ನಡೆಸುತ್ತಿದ್ದಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ನನ್ನ ಪುಸ್ತಕಗಳಿಗೆ ಹಣ ಬಂದದ್ದು ಆ ಗ್ಯಾರೇಜಿನಿಂದಲೇ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅಲ್ಲಿ ನಡೆದ ಒಂದು ಕೆಲಸದಲ್ಲಿ ನನ್ನ ಓದಿಗೂ ತಂದೆಯವರ ಕೈಗುಣಕ್ಕೂ ಮೊದಲ ಬಾರಿಗೆ ಒಟ್ಟಿಗೆ ದುಡಿಯುವ ಸಂದರ್ಭ ಬಂತು. ಅದರಿಂದ ನಾನು ಕಲಿತದ್ದನ್ನು ಸಹಪಾಠಿಗಳ ಮುಂದಿಡುವದೇ ಈ ಲೇಖನದ ಉದ್ದೇಶ.

ಭಟ್ಕಳದ ಗೃಹಸ್ಥರೊಬ್ಬರು ದುಬಾಯಿಯಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಅಜ್ಜನವರ ಕಾಲದ 'ಸ್ಟ್ಯಾಂಡರ್ಡ್ ಹೆರಾಲ್ಡ್' ಕಾರೊಂದು ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಎಳೆಯಿಸಿಕೊಂಡು ನಮ್ಮಲ್ಲಿಗೆ ತಂದು, ಇದರ ಕಾರ್ಬೊರೇಟರನ್ನು ತೆಗೆದು ಈಗಿನ ಕಾರುಗಳಂತೆ ಫ್ಯೂಯೆಲ್ ಇಂಜೆಕ್ಷನ್ ಮಾಡಿಕೊಡಲು ಸಾಧ್ಯವೇ ಎಂದು ಅವರು ಕೇಳಿದರು.

ಈ ಕಾರಿನ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಇಂಗ್ಲಂಡಿನಲ್ಲಿ 1959ರಲ್ಲಿ 'ಟ್ರಯಂಫ್ ಹೆರಾಲ್ಡ್' ಎಂಬ ಕಾರು ಹೊರಬಂದಿತು. ಅದರ ಆಕಾರವನ್ನು ರೂಪಿಸಿದವನು ಇಟಲಿಯ ಮಿಕೆಲೊತ್ತಿ. ಅದರ ಅಡಿಗಟ್ಟನ್ನೇ ಗಿಡ್ಡಮಾಡಿ, ಎಂಜಿನ್ನಿಗೆ ಎರಡು ಎಸ್.ಯು. ಕಾರ್ಬೊರೇಟರುಗಳನ್ನು ಕೂಡಿಸಿ, 1962ರಲ್ಲಿ 'ಸ್ಪಿಟ್‌ಫಾಯರ್' ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಮಾಡಿದರು. ನಮ್ಮ ದೇಶದಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಕಂಪನಿಯು 1961ರಿಂದ ಹೆರಾಲ್ಡನ್ನು ತಯಾರಿಸಿತು. ಆದ್ದರಿಂದ ನಮ್ಮ ಹೆರಾಲ್ಡು ಆ ಸ್ಪೋರ್ಟ್ಸ್ ಕಾರಿಗೆ ಅಕ್ಕನಾಗಬೇಕು. ಇದರ ಮೂತಿಯ ಭಾಗವೆಲ್ಲ ಒಟ್ಟಿಗೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವದು. ಎಂಜಿನ್ನಿನ ಎರಡು ಮಗ್ಗುಲಿಗೂ ಕೈ ಸಲೀಸಾಗಿ ಹೋಗುವದರಿಂದ ಕೆಲಸ ಮಾಡುವವರಿಗೆ ಇದು ಬಹಳ ಅನುಕೂಲದ ಕಾರು.

ಕಾರ್ಬೊರೇಟರ್ ಮಾಡುವ ಕೆಲಸ

ನಮ್ಮ ಗ್ಯಾರೇಜುಗಳಲ್ಲಿ 'ಕಾರ್ಬೇಟರ್' ಎಂದು ಕರೆಯಿಸಿಕೊಳ್ಳುವ ಈ ಸಾಧನದ ಕೆಲಸವೇನು? ಪೆಟ್ರೋಲು ತಾನೊಂದೇ ಉರಿಯಲಾರದು. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಹಾಗೆಂದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಪೆಟ್ರೋಲು ಹೆಚ್ಚಾದರೆ ಹೊಗೆ ಕಪ್ಪಾಗಿ ದುಡ್ಡು ವ್ಯರ್ಥವಾಗುವದು. ಕಡಿಮೆಯಾದರೆ ಎಂಜಿನ್ನು ಮುಗ್ಗರಿಸಿ ಮಿತಿಮೀರಿ ಕಾಯುವದು.

ಈ ಅಳತೆಯನ್ನು ಕಾರ್ಬೊರೇಟರು ಗಾಳಿಯ ಸ್ವಭಾವದಿಂದಲೇ ಮಾಡುವದು. ಕೊಳವೆಯ ನಡುವೆ ಒಂದು ಕಿರಿದಾದ ಕೊರಳಿದ್ದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಬರ್ನೂಲಿ ಎಂಬ ಪಂಡಿತನು 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವಿದೆ. ಇಟಲಿಯ ವೆಂಚುರಿ 1797ರಲ್ಲಿ ಅದನ್ನು ಕೊಳವೆಗಳಲ್ಲಿ ಪರೀಕ್ಷಿಸಿ ಬರೆದನು. ಆ ಕೊರಳಿಗೆ ಒಂದು ಸಣ್ಣ ತೂತಿನ ಜೆಟ್ಟನ್ನಿಟ್ಟು, ಪಕ್ಕದ ಬಟ್ಟಲಿನಲ್ಲಿ ಪೆಟ್ರೋಲು ನಿಲ್ಲಿಸಿದರೆ, ಹೊರಗಿನ ಗಾಳಿಯ ಒತ್ತಡವೇ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ದೂಡುವದು. ಎಂಜಿನ್ನು ಹೆಚ್ಚು ಗಾಳಿ ಎಳೆದಷ್ಟೂ ಹೆಚ್ಚು ಪೆಟ್ರೋಲು ಬರುವದು. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಕಾಯಲು ಒಂದು ತೇಲುಬುರುಡೆ ಇರುವದು. ವಿದ್ಯುತ್ತಿಲ್ಲ, ಲೆಕ್ಕವಿಲ್ಲ, ಹಿತ್ತಾಳೆಯಲ್ಲಿ ಕೊರೆದ ಕೆಲವು ತೂತುಗಳು ಮಾತ್ರ.

ಆದರೆ ತೂತಿನ ಗಾತ್ರ ಒಂದೇ, ಲೋಕದ ಪರಿಸ್ಥಿತಿ ಮಾತ್ರ ನಾನಾ ಬಗೆ. ಕುಮಟೆಯಲ್ಲಿ ಸಮುದ್ರದ ಮಟ್ಟದಲ್ಲಿ ಹದಮಾಡಿದ ಕಾರ್ಬೊರೇಟರು ದೇವಿಮನೆ ಘಟ್ಟ ಹತ್ತಿ ಸಿರಸಿ ಸೇರುವಷ್ಟರಲ್ಲಿ ಗಾಳಿ ನೂರಕ್ಕೆ ಐದಾರು ಪಾಲು ತೆಳುವಾಗಿರುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ತುಸು ಹೆಚ್ಚಾಗುವದು. ಚಳಿಯ ಬೆಳಿಗ್ಗೆ ಒಂದು ಹದ, ಏಪ್ರಿಲ್ ತಿಂಗಳ ಸೆಖೆಯಲ್ಲಿ ಇನ್ನೊಂದು ಹದ. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಎಂಜಿನ್ನಿಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲು ಕಾದು ಆವಿಯಾಗಿ ಕಾರು ತಿರುವಿನಲ್ಲೇ ನಿಂತುಬಿಡುವದು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಕಲ್ಲಿನ ಮೇಲೆ ಕುಳಿತು ಕಾಯ್ದ ಕಥೆಗಳನ್ನು ನಮ್ಮ ಹಿರಿಯರಿಂದ ಎಲ್ಲರೂ ಕೇಳಿರಬಹುದು.

ಈ ಕೊರತೆಯನ್ನು ತುಂಬಿಕೊಡುತ್ತಿದ್ದವನು ಮೆಕ್ಯಾನಿಕ್ಕನು. ನನ್ನ ತಂದೆಯವರು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ ಎಂಜಿನ್ನಿನ ಒಳಸದ್ದು ಕೇಳುತ್ತಾರೆ. ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸಿ ಹದ ನಿಲ್ಲಿಸುತ್ತಾರೆ. ಪ್ಲಗ್ಗನ್ನು ಬಿಚ್ಚಿ ಅದರ ಮೂತಿಯ ಬಣ್ಣ ನೋಡುತ್ತಾರೆ. ಅದು ಹುರಿದ ಗೇರುಬೀಜದ ಬಣ್ಣವಿದ್ದರೆ ಸರಿ, ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಈ ವಿದ್ಯೆಯನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಇಂಜೆಕ್ಷನ್ ಪದ್ಧತಿ ಬಂದ ಬಗೆ

ಪೆಟ್ರೋಲನ್ನು ಗಾಳಿಯ ಎಳೆತಕ್ಕೆ ಬಿಡದೆ, ಒತ್ತಡದಿಂದ ಅಳೆದು ಚಿಮ್ಮಿಸುವದೇ ಇಂಜೆಕ್ಷನ್. 1954ರಲ್ಲಿ ಮರ್ಸಿಡಿಸ್ ಕಂಪನಿಯ '300 ಎಸ್.ಎಲ್.' ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಈ ಕೆಲಸವನ್ನು ಯಾಂತ್ರಿಕ ಪಂಪಿನಿಂದ ಮಾಡಿಸಿದರು. ಅಮೆರಿಕೆಯ ಬೆಂಡಿಕ್ಸ್ ಕಂಪನಿಯು ಅದೇ ದಶಕದಲ್ಲಿ ವಿದ್ಯುನ್ಮಾನ ಪದ್ಧತಿಯನ್ನು ಪ್ರಯತ್ನಿಸಿತಾದರೂ ಅದು ಕೆಲವೇ ಕಾರುಗಳಲ್ಲಿ ಮುಗಿಯಿತು. ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಅದನ್ನು ಯಶಸ್ವಿಗೊಳಿಸಿತು. 1976ರಲ್ಲಿ ಸ್ವೀಡನ್ನಿನ ವೋಲ್ವೊ ಕಾರಿನ ಹೊಗೆಕೊಳವೆಗೆ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಬಂದಿತು. ಉರಿದ ಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತು ಎಂಬದನ್ನು ನೋಡಿ, ಮುಂದಿನ ಸಲ ಪೆಟ್ರೋಲು ಎಷ್ಟೆಂಬದನ್ನು ತಿದ್ದಿಕೊಳ್ಳುವ ಉಪಾಯವಿದು.

ನಮ್ಮ ದೇಶದಲ್ಲಿ 1995ರಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರು ಕಡ್ಡಾಯವಾಯಿತು. ಈ ಸಾಧನ ಚೆನ್ನಾಗಿ ಕೆಲಸ ಮಾಡಬೇಕಾದರೆ ಮಿಶ್ರಣವು 14.7ರ ಆಸುಪಾಸಿನಲ್ಲೇ ನಿಲ್ಲಬೇಕು. ಅಷ್ಟು ಬಿಗಿಯಾದ ಲೆಕ್ಕ ಕಾರ್ಬೊರೇಟರಿಗೆ ಕಷ್ಟ. ಮೋಟಾರುಸೈಕಲ್ಲುಗಳಲ್ಲಿ 2006ರ ಹೀರೋ ಹೋಂಡಾ ಗ್ಲಾಮರ್ ಈ ದಾರಿ ತೆರೆಯಿತು. 2007ರಲ್ಲಿ ಇಂಜೆಕ್ಷನ್ನಿನೊಡನೆ ಬಂದ ಬಜಾಜ್ ಪಲ್ಸರ್ 220 ಎರಡು ವರ್ಷಗಳ ಮೇಲೆ ಪುನಃ ಕಾರ್ಬೊರೇಟರಿಗೆ ಮರಳಿದ್ದೂ ಉಂಟು. ಆದರೆ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಸ್ಕೂಟರು, ಬೈಕುಗಳಿಂದಲೂ ಕಾರ್ಬೊರೇಟರು ಬಹುಮಟ್ಟಿಗೆ ಮರೆಯಾಯಿತು.

ಇನ್ನೊಂದು ಕಾರಣವೂ ಸೇರಿಕೊಂಡಿದೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಇಂಥ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಜೆಟ್ಟಿಗೆ ಇದು ತಿಳಿಯದು. ಅದು ಹಿಂದಿನಷ್ಟೇ ಬಿಡುವದರಿಂದ ಎಂಜಿನ್ನಿಗೆ ಇಂಧನ ಸಾಲದಾಗುವದು. ಅಲ್ಲದೆ ಎಥೆನಾಲ್ ತೇವವನ್ನು ಹೀರುವದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಂತ ಕಾರಿನ ಬಟ್ಟಲಲ್ಲಿ ನೀರು, ತುಕ್ಕು ಕೂಡುವದು. ಹಳೆಯ ರಬ್ಬರು ಕೊಳವೆಗಳು ಮೆತ್ತಗಾಗುವವು. ಇಂಜೆಕ್ಷನ್ ಹಾಕಿದರೂ ಈ ಕೊಳವೆಗಳನ್ನು ಬೇರೆಯಾಗಿಯೇ ಬದಲಿಸಬೇಕು.

ಬದಲಾವಣೆಯ ಕ್ರಮ

ಕಾರ್ಬೊರೇಟರನ್ನು ಬಿಚ್ಚಿ ಬೇರೊಂದು ಡಬ್ಬಿ ಕೂಡಿಸಿದರೆ ಮುಗಿಯಿತೆಂದು ನಾನು ತಿಳಿದಿದ್ದೆನು. ಹಾಗಲ್ಲ, ಐದು ಕೆಲಸಗಳು ಕೂಡಿ ಆಗಬೇಕು.

ಮೊದಲನೆಯದು ಕಾರ್ಬೊರೇಟರಿನ ಸ್ಥಳದಲ್ಲಿ ಥ್ರಾಟಲ್ ಬಾಡಿಯನ್ನು ಕೂಡಿಸುವದು. ಅದರಲ್ಲಿ ಗಾಳಿಯನ್ನು ತಡೆದು ಬಿಡುವ ಒಂದು ಬಿಲ್ಲೆಯೂ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರೂ ಇರುತ್ತವೆ. ಇಂಜೆಕ್ಟರು ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೂಕ್ಷ್ಮವಾದ ನಲ್ಲಿ.

ಎರಡನೆಯದು ಪಂಪು. ಹಳೆಯ ಪಂಪಿನ ಒತ್ತಡ ಒಂದು ಬಾರಿನ ಕಾಲು ಭಾಗದಷ್ಟು. ಇಂಜೆಕ್ಟರಿಗೆ ಸಾಮಾನ್ಯವಾಗಿ ಸುಮಾರು 3 ಬಾರ್ ಬೇಕು. ಆದ್ದರಿಂದ ವಿದ್ಯುತ್ ಪಂಪು, ಒತ್ತಡ ಕಾಯುವ ರೆಗ್ಯುಲೇಟರು, ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ಮರಳುವ ಕೊಳವೆ, ಇವೆಲ್ಲ ಹೊಸದಾಗಿ ಬೇಕು. ಇಲ್ಲಿ ಅಗ್ಗದ ಪೈಪು ಹಾಕಿದರೆ ಬೆಂಕಿಯ ಅಪಾಯವುಂಟು. ಎಂಜಿನ್ನು ನಿಂತೊಡನೆ ಪಂಪೂ ನಿಲ್ಲುವಂತೆ ರಿಲೇ ಜೋಡಿಸಲೇಬೇಕು. ಪೆಟ್ರೋಲು ಒತ್ತಡದಲ್ಲಿ ಸದಾ ಹರಿದಾಡುತ್ತಿರುವದರಿಂದ ಘಟ್ಟದಲ್ಲಿ ಆವಿಯಾಗಿ ನಿಲ್ಲುವ ತೊಂದರೆಯೂ ಇದರಿಂದಲೇ ಬಹುಮಟ್ಟಿಗೆ ತಪ್ಪುವದು.

ಮೂರನೆಯದು ಸೆನ್ಸರುಗಳು. ಎಂಜಿನ್ನಿನ ಮುಂದಿನ ಪುಲ್ಲಿಗೆ ಹಲ್ಲುಗಳುಳ್ಳ ಒಂದು ಚಕ್ರವನ್ನು ಕೂಡಿಸುತ್ತಾರೆ. 36 ಹಲ್ಲುಗಳ ಜಾಗದಲ್ಲಿ ಒಂದನ್ನು ಬಿಟ್ಟು 35 ಇಡುವದು ಒಂದು ರೂಢಿ. ಆ ಖಾಲಿ ಜಾಗ ಹಾದುಹೋದಾಗ ಎಂಜಿನ್ನು ಯಾವ ಸ್ಥಿತಿಯಲ್ಲಿದೆ ಎಂದು ಗೊತ್ತಾಗುವದು. ಒಳಗೆಳೆದ ಗಾಳಿಯ ಒತ್ತಡ, ಅದರ ಉಷ್ಣತೆ, ಎಂಜಿನ್ನಿನ ನೀರಿನ ಉಷ್ಣತೆ, ಬಿಲ್ಲೆ ಎಷ್ಟು ತೆರೆದಿದೆ ಎಂಬದು, ಹೊಗೆಯಲ್ಲಿ ಉಳಿದ ಆಮ್ಲಜನಕ, ಇವುಗಳಿಗೆ ಒಂದೊಂದು ಸೆನ್ಸರು.

ನಾಲ್ಕನೆಯದು ಇವೆಲ್ಲವುಗಳ ಸುದ್ದಿ ಕೇಳಿ ಅಪ್ಪಣೆ ಕೊಡುವ ಪುಟ್ಟ ಗಣಕಯಂತ್ರ. ಗ್ಯಾರೇಜುಗಳಲ್ಲಿ ಇದಕ್ಕೆ ಇ.ಸಿ.ಯು. ಎನ್ನುತ್ತಾರೆ. ಹವ್ಯಾಸಿಗಳು ತಾವೇ ಹದಮಾಡಿಕೊಳ್ಳಬಹುದಾದ 'ಮೆಗಾಸ್ಕ್ವರ್ಟ್', 'ಸ್ಪೀಡುಯಿನೊ' ಎಂಬವು ಪ್ರಸಿದ್ಧವಾಗಿವೆ.

ಐದನೆಯದು ವಿದ್ಯುತ್ತು. ಆ ಕಾಲದ ಡೈನಮೊ ಎಂಜಿನ್ನು ನಿಧಾನವಾಗಿ ತಿರುಗುವಾಗ ಸಾಕಷ್ಟು ಕರೆಂಟು ಕೊಡದು. ಅದನ್ನು ತೆಗೆದು ಆಲ್ಟರ್ನೇಟರ್ ಹಾಕಬೇಕು. ಅಂದಿನ ಅನೇಕ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಜೋಡಿಸುತ್ತಿದ್ದರು. ಅದನ್ನು ನೋಡದೆ ತಂತಿ ಕೂಡಿಸಿದರೆ ಇ.ಸಿ.ಯು. ಸುಟ್ಟುಹೋದೀತು.

ಈ ಯಂತ್ರ ಮಾಡುವ ಲೆಕ್ಕದ ಸೂಕ್ಷ್ಮತೆಯನ್ನು ನೋಡಿರಿ. ಹೆರಾಲ್ಡಿನ 948 ಸಿ.ಸಿ. ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು; ಒಂದೊಂದಕ್ಕೆ 237 ಸಿ.ಸಿ. ಒಂದು ಉಸಿರಿಗೆ ಅದು ಎಳೆಯುವ ಗಾಳಿಯ ತೂಕ ಹೆಚ್ಚೆಂದರೆ 0.28 ಗ್ರಾಂ. ಅದಕ್ಕೆ ಬೇಕಾದ ಪೆಟ್ರೋಲು ಸುಮಾರು 0.02 ಗ್ರಾಂ, ಅಂದರೆ ಕಣ್ಣಿಗೆ ಹಾಕುವ ಔಷಧದ ಒಂದು ಹನಿಯ ಅರ್ಧದಷ್ಟು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಸಿಲಿಂಡರು ಸೆಕೆಂಡಿಗೆ 25 ಸಲ ಉಸಿರೆಳೆಯುವದು. ಪ್ರತಿ ಸಲವೂ ಆ ಅರ್ಧ ಹನಿಯನ್ನೋ ಅದಕ್ಕೂ ಕಡಿಮೆಯನ್ನೋ ಲೆಕ್ಕದಿಂದ ಕೊಡಬೇಕು. ಇದಕ್ಕಾಗಿ ಇ.ಸಿ.ಯು.ವಿನಲ್ಲಿ ಒಂದು ಕೋಷ್ಟಕವಿದೆ. ಅಡ್ಡಸಾಲಿನಲ್ಲಿ ಎಂಜಿನ್ನಿನ ವೇಗ, ಉದ್ದಸಾಲಿನಲ್ಲಿ ಗಾಳಿಯ ಒತ್ತಡ; 16ಕ್ಕೆ 16ರಂತೆ 256 ಮನೆಗಳು. ಆಯಾ ಮನೆಯ ಅಂಕಿಯನ್ನು ನೋಡಿ ಇಂಜೆಕ್ಟರು ಎಷ್ಟು ಹೊತ್ತು ತೆರೆದಿರಬೇಕೆಂಬದನ್ನು ಅದು ನಿಶ್ಚಯಿಸುವದು. ನಾನು ಇದನ್ನು ವಿವರಿಸಿದಾಗ ತಂದೆಯವರು, "ಹಂಗಾದ್ರೆ ಇದು ಕಾರಿನ ಮಗ್ಗಿ ಪುಸ್ತಕ, ಅಷ್ಟೇ ಹೌದೋ?" ಎಂದರು. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಯಾವ ಪುಸ್ತಕದಲ್ಲಿಯೂ ದೊರೆಯಲಿಲ್ಲ.

ನಾವು ಎಡವಿದ ಸ್ಥಳ

ತಂತಿಗಳ ನಕ್ಷೆಯೆಲ್ಲ ಇಂಗ್ಲಿಷಿನಲ್ಲಿತ್ತು. ತಂದೆಯವರು ಕಲಿತದ್ದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ. ನಾನು ಸಂಜೆ ಕಾಲೇಜಿನಿಂದ ಬಂದು ಒಂದೊಂದು ತಂತಿಯ ವಿಷಯವನ್ನು ಓದಿ ಕನ್ನಡದಲ್ಲಿ ಹೇಳುವದು, ಅವರು ಜೋಡಿಸುವದು, ಹೀಗೆ ಎರಡು ತಿಂಗಳು ನಡೆಯಿತು. ಸತ್ಯ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ಸ್ವಲ್ಪ ಗರ್ವವೂ ಬಂದಿತ್ತು. ಇನ್ನು ಈ ಕಿವಿ, ಮೂಗುಗಳ ವಿದ್ಯೆಗೆ ಕಾಲ ಮುಗಿಯಿತು, ಓದಿದವರ ಕಾಲ ಬಂತು ಎಂದುಕೊಂಡಿದ್ದೆನು.

ಎಂಜಿನ್ನು ಚಾಲೂ ಆಯಿತು. ಆದರೆ ನಿಂತಲ್ಲಿ ಗುಡುಗುಡು ಎಂದು ತಡವರಿಸಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಮಿಶ್ರಣ 17 ಎಂದು ತೋರಿಸುತ್ತಿತ್ತು. ಅಂದರೆ ಪೆಟ್ರೋಲು ಸಾಲದು. ಯಂತ್ರ ತಾನಾಗಿ ಪೆಟ್ರೋಲು ಹೆಚ್ಚಿಸಿತು. ನಾನೂ ಕೋಷ್ಟಕದ ಅಂಕಿಗಳನ್ನು ಏರಿಸಿದೆನು. ಏರಿಸಿದಷ್ಟೂ ತಡವರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೂರು ಸಂಜೆ ಹೀಗೇ ಕಳೆದವು. ನಾಲ್ಕನೆಯ ದಿನ ತಂದೆಯವರು ಕಾರಿನ ಹಿಂದೆ ನಿಂತು ಹೊಗೆಯ ವಾಸನೆ ನೋಡಿ ಬಂದು ಹೇಳಿದರು:

"ತಮಾ, ಇದು ಪೆಟ್ರೋಲ್ ಕಮ್ಮಿ ಆದ ವಾಸನೆ ಅಲ್ಲ. ಆ ಪ್ಲಗ್ ಒಂದು ಬಿಚ್ಚು, ನೋಡ್ವಾ."

ಪ್ಲಗ್ಗು ಕಾಡಿಗೆಯಂತೆ ಕಪ್ಪಾಗಿತ್ತು. ಪರದೆ ಪೆಟ್ರೋಲು ಸಾಲದೆನ್ನುತ್ತಿದೆ, ಪ್ಲಗ್ಗು ಹೆಚ್ಚಾಯಿತೆನ್ನುತ್ತಿದೆ. ಎರಡರಲ್ಲಿ ಒಂದು ಸುಳ್ಳು. ತಂದೆಯವರು ಟಾರ್ಚು ಹಿಡಿದು ಹೊಗೆಕೊಳವೆಯ ಗುಂಟ ನೋಡುತ್ತ ಹೋದರು. ಎಂಜಿನ್ನಿಗೆ ಕೊಳವೆ ಕೂಡುವಲ್ಲಿ ಗ್ಯಾಸ್ಕೆಟ್ಟಿನ ಅಂಚಿಗೆ ತೆಳ್ಳಗೆ ಮಸಿಯ ಗೆರೆಯಿತ್ತು.

ಆಗಿದ್ದು ಇಷ್ಟೇ. ಹೊಗೆ ಹೊರಬೀಳುವದು ಒಂದೇ ಸಮನಾಗಿ ಅಲ್ಲ, ಬಿಟ್ಟು ಬಿಟ್ಟು. ಒಂದು ನೂಕಿಗೂ ಇನ್ನೊಂದಕ್ಕೂ ನಡುವೆ ಕೊಳವೆಯೊಳಗೆ ಒತ್ತಡ ಇಳಿದು, ಆ ಸಣ್ಣ ಸೀಳಿನಿಂದ ಹೊರಗಿನ ಗಾಳಿ ಒಳಕ್ಕೆ ಬರುತ್ತಿತ್ತು. ಮುಂದಿದ್ದ ಸೆನ್ಸರು ಆ ಗಾಳಿಯ ಆಮ್ಲಜನಕವನ್ನೂ ಸೇರಿಸಿ ಅಳೆಯಿತು. ಎಂಜಿನ್ನಿನಲ್ಲಿ ಆಮ್ಲಜನಕ ಉಳಿಯಿತು, ಆದ್ದರಿಂದ ಪೆಟ್ರೋಲು ಸಾಲದು ಎಂದು ಯಂತ್ರ ತೀರ್ಮಾನಿಸಿತು. ಸೆನ್ಸರು ತಪ್ಪು ಅಳೆಯಲಿಲ್ಲ. ಅಳೆಯಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಅಳೆಯಿತು. ಗ್ಯಾಸ್ಕೆಟ್ಟು ಬದಲಿಸಿ, ನಾನು ಏರಿಸಿದ ಅಂಕಿಗಳನ್ನು ಇಳಿಸಿದೆವು. ಎಂಜಿನ್ನು ಹೊಲಿಗೆಯಂತ್ರದಂತೆ ನಿಂತಿತು. ತಂದೆಯವರು ಒಂದು ಮಾತೂ ಆಡದೆ ಕೈ ತೊಳೆಯಲು ಹೋದರು. ನನ್ನ ಗರ್ವ ಅಂದೇ ಇಳಿಯಿತು.

ಕಾಯಿದೆಯ ಮಾತು

ಈ ಕೆಲಸಕ್ಕೆ ಕೈಹಾಕುವ ಮೊದಲು ತಿಳಿದಿರಬೇಕಾದ ಮಾತೊಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಂದ ನೋಂದಣಿಯ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವದಕ್ಕೆ ಮಿತಿ ಹಾಕುವದು. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ಎಂದು ಬೇರೆ ನೋಂದಣಿಯುಂಟು. ಆದರೆ ಅಂಥ ವಾಹನ ಮೂಲರೂಪದಲ್ಲಿಯೇ ಇರಬೇಕು, ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಕೂಡದು. ಹಾಗಾಗಿ ಆ ಮಾನ್ಯತೆ ಬೇಕೆನ್ನುವವರು ಕಾರ್ಬೊರೇಟರನ್ನು ಮುಟ್ಟದಿರುವದೇ ಲೇಸು. ಭಟ್ಕಳದ ಗೃಹಸ್ಥರಿಗೆ ಬೇಕಾದದ್ದು ಮಾನ್ಯತೆಯಲ್ಲ. ಅಜ್ಜನ ಕಾರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಜೋಗಕ್ಕೆ ಹೋಗಿಬರುವದು. ಅವರು ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಅನುಮತಿ ಪಡೆದ ಮೇಲೆಯೇ ನಾವು ಸ್ಪಾನರು ಹಿಡಿದದ್ದು. ತಂದೆಯವರು ತಮ್ಮದೂ ಒಂದು ಷರತ್ತು ಹಾಕಿದರು: ಯಾವದನ್ನೂ ಕೊಯ್ಯಕೂಡದು, ಬೆಸೆಯಕೂಡದು, ಬೇಕೆಂದಾಗ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು. ಹಳೆಯ ಕಾರ್ಬೊರೇಟರು, ಪಂಪು, ಡೈನಮೊಗಳನ್ನು ತೊಳೆದು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು ಯಜಮಾನರಿಗೆ ಒಪ್ಪಿಸಿದ್ದಾರೆ.

ಮುಗಿಸುವ ಮುನ್ನ

ಕಾರ್ಬೊರೇಟರು ಒಳ್ಳೆಯದೋ ಇಂಜೆಕ್ಷನ್ನು ಒಳ್ಳೆಯದೋ ಎಂದು ಕೇಳಿದರೆ ನನ್ನ ಉತ್ತರವಿದು. ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗಬೇಕು, ಘಟ್ಟದಲ್ಲಿ ನಿಲ್ಲಬಾರದು, ಹೊಗೆ ಕಡಿಮೆಯಿರಬೇಕು ಎಂದರೆ ಇಂಜೆಕ್ಷನ್ನೇ ಮೇಲು. ದಾರಿಯಲ್ಲಿ ಕೆಟ್ಟರೆ ಒಂದು ಸ್ಕ್ರೂಡ್ರೈವರಿನಿಂದ ಸರಿಪಡಿಸಿಕೊಳ್ಳಬೇಕೆಂದರೆ ಕಾರ್ಬೊರೇಟರೇ ಮೇಲು. ಕಾರ್ಬೊರೇಟರಿದ್ದಾಗ ಹದ ತಿಳಿದವನು ಮೆಕ್ಯಾನಿಕ್ಕನು. ಇಂಜೆಕ್ಷನ್ ಬಂದ ಮೇಲೆ ಆ ಹದ ಅಂಕಿಯಾಗಿ ಪೆಟ್ಟಿಗೆಯೊಳಗೆ ಸೇರಿತು. ಆದರೆ ಆ ಅಂಕಿ ಸರಿಯೋ ತಪ್ಪೋ ಎಂದು ಹೇಳಲು ಹದ ತಿಳಿದವನೊಬ್ಬನು ಬೇಕೇ ಬೇಕು.

ಭಟ್ಕಳದಿಂದ ಕುಮಟೆಯ ತನಕ ಹೆದ್ದಾರಿಯ ಬದಿಗೆ ಇಂಥ ಸಣ್ಣ ಗ್ಯಾರೇಜುಗಳು ಎಷ್ಟೋ ಇವೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ನನ್ನ ತಂದೆಯವರಂತೆ ಕೈಯಿಂದ ಕಲಿತವರು. ಹೊಸ ಗಾಡಿ ಬಂದಾಗ, "ಇದು ಕಂಪ್ಯೂಟರ್ ಗಾಡಿ, ಕಂಪನಿಗೇ ಒಯ್ಯಿರಿ" ಎಂದು ಹಿಂದೆ ಸರಿಯುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೊರತೆಯಾಗಿರುವದು ಬುದ್ಧಿಯಲ್ಲ. ಅವರ ಭಾಷೆಯಲ್ಲಿ ಬರೆದಿಟ್ಟ ನಾಲ್ಕು ಹಾಳೆ. ನಾವು ಕಲಾ ವಿಭಾಗದವರು ಎಂಜಿನ್ನು ಬಿಚ್ಚಲಾರೆವು, ನಿಜ. ಆದರೆ ಒಂದು ನಕ್ಷೆಯನ್ನು ಓದಿ ತಿಳಿಗನ್ನಡದಲ್ಲಿ ಹೇಳಬಲ್ಲೆವು. ಮನೆಗೆ ಮೊದಲು ಓದಿದವರಾದ ನಮ್ಮಂಥವರು ಈ ಕೆಲಸವನ್ನು ಮಾಡದಿದ್ದರೆ ಮತ್ತಾರು ಮಾಡಬೇಕು?

ಕಳೆದ ಮಾರ್ಚಿನಲ್ಲಿ ಹೆರಾಲ್ಡು ಗೇರಸೊಪ್ಪೆಯ ಘಟ್ಟ ಹತ್ತಿ ಜೋಗ ನೋಡಿ ಬಂದಿತು. ಎಲ್ಲಿಯೂ ನಿಲ್ಲಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ತಂದೆಯವರು ಮಾತ್ರ, ರೂಢಿಯಂತೆ, ಒಂದು ಒದ್ದೆ ಬಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ಜೊತೆಗೆ ತಂದಿದ್ದರು.